ಹದಿನೇಳನೇ ಬಿಲ್ಲೆ

ನಾನು ನಿಂತಿದ್ದುದು ದೋಣಿಯ ಎಡ ಅಂಚಿನಲ್ಲಿ, ದಡದಿಂದ ಹಾಕಿದ ಹಲಗೆ ದೋಣಿಗೆ ತಾಗುವ ಜಾಗದಿಂದ ಎರಡು ಮಾರು ಮುಂದೆ. ನಿಂತಿದ್ದೆ ಅನ್ನುವುದೂ ಪೂರ್ತಿ ಸರಿಯಲ್ಲ, ಕುಕ್ಕರಗಾಲಲ್ಲಿ ಕೂತಿದ್ದೆ. ಮುಖ ದೋಣಿಯ ಮೂತಿಯ ಕಡೆಗಿತ್ತು, ಬೆನ್ನು ಹಲಗೆಯ ಕಡೆಗಿತ್ತು. ಕೈಯಲ್ಲಿ ಹಗ್ಗ. ನೀರು ಇಳಿಯುತ್ತಿದ್ದುದರಿಂದ ಹಗ್ಗವನ್ನು ಗೂಟದಲ್ಲಿ ಒಂದು ಸುತ್ತು ಸಡಿಲ ಮಾಡುತ್ತಿದ್ದೆ. ಹೊತ್ತು ಮಧ್ಯಾಹ್ನ ಮೂರು ಇಪ್ಪತ್ತು. ಗಡಿಯಾರ ನೋಡಿ ಹೇಳುತ್ತಿಲ್ಲ. ಊರೊಳಗಿನ ಮಸೀದಿಯಲ್ಲಿ ಅಸರ್ ಅಜಾನ್ ಆಗಲೇ ಮುಗಿದಿತ್ತು, ಅಡುಗೆಯವನು ಸಂಜೆಯ ಚಹಾಕ್ಕೆ ನೀರಿಡುವ ಸದ್ದು ಬಂದಿರಲಿಲ್ಲ. ಅವನು ನೀರಿಡುವುದು ಮೂರೂವರೆಗೆ. ಊರು ಬಿಹಾರದ ಕಹಲ್‌ಗಾಂವ್, ಗಂಗೆಯ ಬಲದಂಡೆ. ದೀಪಾವಳಿ ಕಳೆದು ಎರಡು ವಾರ ಆಗಿತ್ತು.

ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಅವತ್ತು ಸಂಜೆಯೊಳಗೆ ಇದೇ ವಿವರವನ್ನು ನಾನು ಮೂವರಿಗೆ ಮೂರು ಸಲ ಹೇಳಿದೆ, ಒಂದು ಸಲ ಬರೆದೂ ಕೊಟ್ಟೆ. ಎಲ್ಲೂ ಒಂದಕ್ಷರ ಹೆಚ್ಚುಕಮ್ಮಿ ಆಗಲಿಲ್ಲ. ಆದರೂ ನಾನು ಹೇಳಿದ್ದು ಅಷ್ಟೂ ತಪ್ಪಾಗಿತ್ತು.

ಕಡೂರಿನವನು ನದಿ ದೋಣಿಯಲ್ಲಿ ಕೆಲಸ ಮಾಡಿ ನಿವೃತ್ತನಾದೆ ಅಂದರೆ ಜನ ನಗುತ್ತಾರೆ. ನಮ್ಮೂರ ಮಗ್ಗುಲಲ್ಲೂ ವೇದಾವತಿ ನದಿ ಇದೆ, ಆದರೆ ವರ್ಷದ ಬಹಳ ದಿನ ಅದರಲ್ಲಿ ದೋಣಿಗಿಂತ ಟ್ರ್ಯಾಕ್ಟರ್ ಚೆನ್ನಾಗಿ ಓಡುತ್ತದೆ. ನಾನು ನೀರಿನ ಕೆಲಸ ಕಲಿತದ್ದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಯಲ್ಲಿ. ಅಲ್ಲಿ ನನಗೆ ಜೊತೆಯಾದವನು ತರೀಕೆರೆಯ ನಾಗರಾಜ. ಅವನಿಗೆ ಈಜು ಬರುತ್ತಿತ್ತು, ನನಗೆ ಹಿಂದಿ ಬರುತ್ತಿತ್ತು. ಹಿಂದಿ ಅಂದರೆ ನಮ್ಮ ಮನೆಯಲ್ಲಿ ಆಡುವ ದಖನಿ. ಅದನ್ನೇ ಹಿಂದಿ ಎಂದು ನಂಬಿಸಿ, ಗಂಗೆಯಲ್ಲಿ ದೋಣಿ ಓಡಿಸುವ ಒಂದು ಕಂಪನಿಯಲ್ಲಿ ಇಬ್ಬರಿಗೂ ಕೆಲಸ ಗಿಟ್ಟಿಸಿದೆ. ಮೊದಲ ದಿನ ಕಪ್ತಾನರು ನನಗೆ ಚಹಾ ಬೇಕಾ ಎಂದು ಕೇಳಿದರು. ಬೇಡ ಎನ್ನಲು ನಾನು ಮನೆಯಲ್ಲಿ ಹೇಳುವ ಹಾಗೆ "ನಕ್ಕೊ" ಅಂದೆ. ಅವರು ನಾಗರಾಜನ ಕಡೆ ತಿರುಗಿ, ಇವನು ಯಾವ ದೇಶದವನು ಅಂದರು. ನಾಗರಾಜನಿಗೆ ಆ ಪ್ರಶ್ನೆಯೂ ಅರ್ಥವಾಗದೆ, ತಲೆಯಾಡಿಸಿ ಎರಡು ಚಹಾ ಕುಡಿದ.

ಕೋಲ್ಕತ್ತದಿಂದ ಬನಾರಸ್ಸಿಗೆ ಹದಿನೈದು ದಿನದ ಪಯಣ. ಎರಡು ಅಂತಸ್ತು, ಮೇಲೆ ಬೆತ್ತದ ಕುರ್ಚಿಗಳು. ಕಂಪನಿಯವರು ಅದನ್ನು ಹಡಗು ಅನ್ನುತ್ತಿದ್ದರು. ಅದನ್ನು ತೊಳೆಯುವ ನಾವು ದೋಣಿ ಅನ್ನುತ್ತಿದ್ದೆವು. ಪಯಣದ ನಡುವೆ ಯಾವುದಾದರೂ ದಂಡೆಯ ಊರಿನಲ್ಲಿ ಒಂದು ವಿಶ್ರಾಂತಿ ದಿನ. ಹೊಸದಾಗಿ ಸೇರುವವರು ಮೊದಲು ಈ ಪದವನ್ನು ಅರ್ಥ ಮಾಡಿಕೊಳ್ಳಬೇಕು. ವಿಶ್ರಾಂತಿ ಎಂಜಿನ್ನಿಗೆ. ಯಾತ್ರಿಕರಿಗೂ ವಿಶ್ರಾಂತಿ, ಆದರೆ ಒಂಬತ್ತು ದಿನ ಕುರ್ಚಿಯಲ್ಲಿ ಕೂತು ಹತ್ತನೇ ದಿನ ಅವರು ಯಾವುದರಿಂದ ವಿಶ್ರಾಂತಿ ಪಡೆಯುತ್ತಿದ್ದರೋ ನನಗೆ ಗೊತ್ತಿಲ್ಲ. ನಮಗೆ ಅವತ್ತು ಹಾಸಿಗೆ ಬಟ್ಟೆ ಒಗೆಯುವುದು, ತೊಟ್ಟಿಗೆ ನೀರು ತುಂಬಿಸುವುದು, ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು. ಇವುಗಳ ಮೇಲೆ ಯಾತ್ರಿಕರು ಇಪ್ಪತ್ತು ಸಲ ಇಳಿಯುತ್ತಾರೆ, ಇಪ್ಪತ್ತು ಸಲ ಹತ್ತುತ್ತಾರೆ. ಟೋಪಿ ಮರೆತೆ ಅಂತ ಒಮ್ಮೆ, ತಂದ ಟೋಪಿ ಬೇರೆಯವರದ್ದು ಅಂತ ಇನ್ನೊಮ್ಮೆ.

ಮೇಲಿನವರು ಇಬ್ಬರು. ಕಪ್ತಾನರು ಬಂಗಾಳದ ಮುದುಕರು. ಬಿದಿರಿನ ಗಳು ಇಳಿಸಿ ನೀರಿನ ಆಳ ನೋಡುತ್ತಿದ್ದರು, ಗಳುವಿನ ತುದಿಗೆ ಅಂಟಿದ ಮಣ್ಣನ್ನು ಮೂಸುತ್ತಿದ್ದರು. ಅವರ ಕಾಲದಲ್ಲಿ ಆಳ ಅಳೆಯುವ ಯಂತ್ರ ಬಂತು. ಅದನ್ನು ಕೂಡಿಸಿದ ದಿನವೇ, ಯಂತ್ರ ಎಂಟು ಅಡಿ ತೋರಿಸುತ್ತಿರುವಾಗ ದೋಣಿ ಮರಳಿಗೆ ಹತ್ತಿ ಕೂತಿತು. ಕಪ್ತಾನರು ಕೆಳಗಿಳಿದು ಮೊಣಕಾಲು ನೀರಿನಲ್ಲಿ ನಿಂತು ಬೀಡಿ ಹಚ್ಚಿದರು. ಇನ್ನೊಬ್ಬರು ಮ್ಯಾನೇಜರ್. ಅವರು ಹೋಟೆಲಿನಿಂದ ಬಂದವರು. ನದಿ ಅವರ ದೃಷ್ಟಿಯಲ್ಲಿ ಸ್ವಲ್ಪ ಉದ್ದವಾದ ಈಜುಕೊಳ. ಕೆಟ್ಟವರಲ್ಲ, ಆದರೆ ಏನೇ ಆದರೂ ಅದು ಯಾರಿಂದ ಆಯಿತು ಎಂಬುದು ಅವರ ಮೊದಲ ಪ್ರಶ್ನೆ. ಏನಾಯಿತು ಎಂಬುದು ಎರಡನೆಯದು.

ಹಲಗೆಯ ಪಕ್ಕ ಬಿಲ್ಲೆಗಳ ಬೋರ್ಡು ಇರುತ್ತಿತ್ತು. ಪ್ರತಿ ಯಾತ್ರಿಕರಿಗೆ ಒಂದು ನಂಬರಿನ ಹಿತ್ತಾಳೆ ಬಿಲ್ಲೆ. ಎಡಗಡೆಯ ಮೊಳೆಗಳಲ್ಲಿದ್ದರೆ ಆಸಾಮಿ ಒಳಗೆ, ಬಲಗಡೆ ಇದ್ದರೆ ಹೊರಗೆ. ಯಾತ್ರಿಕರೇ ಬಿಲ್ಲೆ ಬದಲಿಸಬೇಕೆಂಬುದು ನಿಯಮ. ಬದಲಿಸುತ್ತಿದ್ದವನು ಹಲಗೆ ಕಾಯುವವನು. ಈಗ ಅದರ ಬದಲು ಮುಖ ತೋರಿಸುವ ಯಂತ್ರ ಬಂದಿದೆಯಂತೆ. ಒಳ್ಳೆಯದೇ.

ಆ ಸಲದ ಪಯಣದಲ್ಲಿ ಇಪ್ಪತ್ತಾರು ಜನರ ತಂಡ ನಮ್ಮ ಕಡೆಯದೇ, ಕಡೂರು, ತರೀಕೆರೆ, ಅಜ್ಜಂಪುರದವರು. ಎಲ್ಲರೂ ಅರವತ್ತು ದಾಟಿದವರು. "ನಿಮ್ಮ ಭಾಷೆಯವರು, ನೀನೇ ನೋಡಿಕೋ" ಎಂದು ಮ್ಯಾನೇಜರ್ ಹಲಗೆಯನ್ನು ಪೂರ್ತಿ ನನಗೇ ಬಿಟ್ಟರು. ನಾನು ಕಡೂರಿನವನು ಎಂದು ತಿಳಿದ ಗಳಿಗೆಯಿಂದ ತಂಡಕ್ಕೆ ನಾನು ಸ್ವಂತ ಆಸ್ತಿಯಾದೆ. ಅನ್ನ ಗಟ್ಟಿಯಾದರೆ ನನಗೆ ಹೇಳುವರು, ಗಂಗೆಯಲ್ಲಿ ಡಾಲ್ಫಿನ್ ಕಾಣದಿದ್ದರೂ ನನಗೇ ಹೇಳುವರು.

ಅವರಲ್ಲಿ ಹದಿನೇಳನೇ ಬಿಲ್ಲೆ ಅಜ್ಜಂಪುರದ ಗೌರಮ್ಮನವರದು. ಎಪ್ಪತ್ತೆರಡು ವರ್ಷ, ಸಣ್ಣ ದೇಹ, ದೊಡ್ಡ ದನಿ. ಹದಿನೆಂಟು ಅವರ ನಾದಿನಿ ಸಾವಿತ್ರಮ್ಮನವರದು, ಅವರು ತಿರುವುಮುರುವು, ದೊಡ್ಡ ದೇಹ, ಸಣ್ಣ ದನಿ. ಗೌರಮ್ಮನವರ ಮನೆಯಲ್ಲಿ ತಲೆಮಾರಿನಿಂದ ಅಮೃತ ಮಹಲ್ ದನಗಳಿದ್ದವಂತೆ. ಮನುಷ್ಯರನ್ನು ಕೂಡ ಅವರು ಮೊದಲು ಕಾಲು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಕಾಫಿ ಪುಡಿಯನ್ನು ಊರಿಂದಲೇ ತಂದಿದ್ದರು. ದೋಣಿಯಲ್ಲಿ ಸಿಗುತ್ತಿದ್ದುದು ಪುಡಿ ಕಲಸಿದ ಹಾಲು. ಮೊದಲ ಬೆಳಗ್ಗೆಯೇ ಲೋಟ ಹಿಡಿದು ಬಂದು,

"ಸಾಬ್ರೇ, ಇದು ಹಾಲೋ, ಸುಣ್ಣದ ತಿಳಿಯೋ?" ಅಂದರು.

"ಹಾಲೇ ಅಮ್ಮಾ. ಪುಡಿ ಹಾಲು."

"ಪುಡಿ ಕರಿಯೋ ಹಸು ಯಾವುದಪ್ಪ ಅದು, ನಂಗೂ ಒಂದು ಕೊಡ್ಸು."

ಕಹಲ್‌ಗಾಂವ್‌ನಲ್ಲಿ ವಿಶ್ರಾಂತಿ ದಿನ ಬೆಳಗ್ಗೆ ತಂಡವನ್ನು ಊರು ತೋರಿಸಲು ಕರೆದುಕೊಂಡು ಹೋದರು. ಹೊಳೆ ನಡುವಿನ ಬಂಡೆ ಗುಡ್ಡಗಳನ್ನು ತೋರಿಸಿ ಗೈಡು ಅರ್ಧ ಗಂಟೆ ಪುರಾಣ ಹೇಳಿದ. ಗೌರಮ್ಮನವರು ಆ ಅರ್ಧ ಗಂಟೆಯೂ ಘಾಟಿನ ಹಿಂದಿನ ಓಣಿಯಲ್ಲಿ ಕಟ್ಟಿದ್ದ ಹಸುಗಳ ಕಡೆ ತಿರುಗಿ ನಿಂತಿದ್ದರು. ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹಿಂದಿರುಗಿದರು. ಇಪ್ಪತ್ತಾರು ಬಿಲ್ಲೆಗಳನ್ನೂ ನಾನೇ ಎಡಕ್ಕೆ ಹಾಕಿದೆ.

ಅಷ್ಟರಲ್ಲಿ ಮ್ಯಾನೇಜರ್‌ಗೆ ಹಲಗೆಯ ಕಂಬಿ ಕಣ್ಣಿಗೆ ಬಿತ್ತು. ಹಲಗೆಯ ಎರಡು ಕಡೆಯೂ ಹಿಡಿದುಕೊಳ್ಳಲು ಕಬ್ಬಿಣದ ಕಂಬಿಗಳಿದ್ದವು. ಹೊಳೆ ಹರಿಯುವ ದಿಕ್ಕಿನದು ತುಕ್ಕು ಹಿಡಿದಿತ್ತು. ಫೋಟೋದಲ್ಲಿ ಅಸಹ್ಯವಾಗಿ ಕಾಣುತ್ತದೆ, ಇವತ್ತೇ ಬಿಚ್ಚಿ ಬಣ್ಣ ಹೊಡೆ ಎಂದು ನಾಗರಾಜನಿಗೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ನಾಗರಾಜ ನನ್ನ ಮೂಲಕ ಕೇಳಿದ: "ಜನ ಓಡಾಡ್ತಾರಲ್ಲ, ನಾಳೆ ಬಿಚ್ಚಿದ್ರೆ ಆಗಲ್ವಾ ಅಂತ ಕೇಳೋ." ನಾನು ಕೇಳಿದೆ. ಮ್ಯಾನೇಜರ್, ಇವತ್ತೇ ಅಂದರು. ನಾಗರಾಜ ಎರಡೂವರೆ ಹೊತ್ತಿಗೆ ಕಂಬಿ ಬಿಚ್ಚಿ ಆ ಜಾಗದಲ್ಲಿ ತೆಂಗಿನ ಹಗ್ಗ ಕಟ್ಟಿದ. ಬಿಗಿಯಾಗಿಯೇ ಕಟ್ಟಿದ್ದ. ಆದರೆ ಹಗ್ಗ ಹಗ್ಗವೇ.

ಈಗ ಮೂರು ಇಪ್ಪತ್ತಕ್ಕೆ ಬರುತ್ತೇನೆ. ಬೆನ್ನ ಹಿಂದೆ ಗೌರಮ್ಮನವರ ದನಿ ಕೇಳಿತು.

"ಸಾಬ್ರೇ, ಬತ್ತೀನಿ ಕಣಪ್ಪಾ."

ನಾನು ತಿರುಗಲಿಲ್ಲ. ಕೈಯಲ್ಲಿ ಹಗ್ಗವಿತ್ತು, ಬಿಟ್ಟರೆ ದೋಣಿ ಜಾರುತ್ತಿತ್ತು. "ಬನ್ನಿ ಅಮ್ಮಾ, ಬನ್ನಿ" ಅಂದೆ. ಹಲಗೆ ಕಿರುಗುಟ್ಟಿತು. ಹಲಗೆ ಯಾವ ದಿಕ್ಕಿಗೆ ನಡೆದರೂ ಒಂದೇ ಥರ ಕಿರುಗುಟ್ಟುತ್ತದೆ. ಜನರೇಟರ್ ಓಡುತ್ತಿದ್ದುದರಿಂದ ಹೆಜ್ಜೆ ಕೇಳಲಿಲ್ಲ. ಹಗ್ಗ ಕಟ್ಟಿ ಮುಗಿಸಿ, ಎದ್ದು, ಬೋರ್ಡಿನ ಹತ್ತಿರ ಹೋದೆ. ಒಳಗೆ ಬಂದವರ ಬಿಲ್ಲೆಯನ್ನು ಎಡಕ್ಕೆ ಹಾಕಬೇಕಲ್ಲ. ನೋಡಿದರೆ ಹದಿನೇಳು ಆಗಲೇ ಎಡಕ್ಕಿತ್ತು. ಅಮ್ಮ ತಾವೇ ಹಾಕಿದ್ದಾರೆ, ಈ ತಂಡದಲ್ಲಿ ಒಬ್ಬರಿಗಾದರೂ ನಿಯಮ ಗೊತ್ತಿದೆ ಎಂದು ಸಂತೋಷಪಟ್ಟೆ. ಆ ಸಂತೋಷ ನನಗೆ ಚೆನ್ನಾಗಿ ನೆನಪಿದೆ.

ದೋಣಿಯನ್ನು ಸಂಜೆ ಘಾಟಿನಿಂದ ಬಿಡಿಸಿ ಹೊಳೆ ನಡುವಿನ ಮರಳ ದಿಬ್ಬಕ್ಕೆ ಕಟ್ಟಬೇಕಿತ್ತು, ಇನ್ನೊಂದು ದೋಣಿಗೆ ಆ ಜಾಗ ಬೇಕಿತ್ತು. ಆ ಕಡೆ ನಮ್ಮೂರಿಗಿಂತ ಬೇಗ ಕತ್ತಲಾಗುತ್ತದೆ, ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ನಾಲ್ಕು ಐದಕ್ಕೆ ತಲೆ ಎಣಿಸಿದರು. ಇಪ್ಪತ್ತೈದು. ಮತ್ತೆ ಎಣಿಸಿದರು. ಇಪ್ಪತ್ತೈದೇ. ಬೋರ್ಡಿನಲ್ಲಿ ಇಪ್ಪತ್ತಾರೂ ಒಳಗಿದ್ದವು. ಗೌರಮ್ಮನವರ ಮೊಬೈಲಿಗೆ ಫೋನು ಮಾಡಿದರೆ ಅದು ಅವರ ಕೋಣೆಯಲ್ಲೇ ದಿಂಬಿನ ಕೆಳಗೆ ಮೊಳಗಿತು. ಬಚ್ಚಲು, ಅಡುಗೆಮನೆ, ಎಂಜಿನ್ ಕೋಣೆ, ಬಟ್ಟೆಯ ಕಪಾಟು ಎಲ್ಲ ನೋಡಿದೆವು.

ಮೊದಲು ಕಪ್ತಾನರು ನನ್ನನ್ನು ಕರೆದು ಕೇಳಿದರು. ಎಲ್ಲಿ ಕೂತಿದ್ದೆ, ಯಾವ ಹೊತ್ತು, ಏನು ಕೇಳಿತು ಎಲ್ಲ ಹೇಳಿದೆ. ಹಿಂದಿಯಲ್ಲಿ ಹೇಳಿದೆ. "ಆತೀ ಹ್ಞೂಂ ಅಂದರು, ಹಲಗೆ ಮೇಲೆ ಬಂದರು." ಆಮೇಲೆ ಎಂಜಿನ್ ಮೇಸ್ತ್ರಿ ಕೇಳಿದ, ಅವನಿಗೂ ಅದೇ. ಆಮೇಲೆ ಮ್ಯಾನೇಜರ್. ಅದೇ ಮಾತು. ಅವರು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕು ಅಂದರು, ಹಾಕಿದೆ.

ಲೆಕ್ಕ ಸುಲಭವಾಗಿತ್ತು. ಹೆಂಗಸು ಬರುತ್ತೇನೆ ಅಂದಿದ್ದಾರೆ. ಹಲಗೆ ಹತ್ತಿದ್ದಾರೆ. ದೋಣಿಯಲ್ಲಿ ಇಲ್ಲ. ಹಲಗೆಗೂ ದೋಣಿಗೂ ನಡುವೆ ಇರುವುದು ಗಂಗೆ ಒಂದೇ.

ಮ್ಯಾನೇಜರ್ ಹಲಗೆಯ ಹತ್ತಿರ ಹೋಗಿ ತೆಂಗಿನ ಹಗ್ಗವನ್ನು ಬೆರಳಿನಿಂದ ಅಲುಗಾಡಿಸಿದರು. "ಕಂಬಿ ಬಿಚ್ಚಿದವನು ಯಾರು?"

ನಾನು ನಾಗರಾಜನನ್ನು ತೋರಿಸಿದೆ. ಬಲಗೈ ತೋರುಬೆರಳಿನಿಂದ.

ಬಿಚ್ಚಲು ಹೇಳಿದವರು ಯಾರು ಎಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಅಭ್ಯಾಸ ನನಗೆ ಲಕ್ಕವಳ್ಳಿಯಿಂದಲೇ ಇತ್ತು, ಮೇಲಿನವರು ಅದನ್ನು ಹೊಗಳುತ್ತಲೂ ಇದ್ದರು. ಇವನನ್ನು ಪೊಲೀಸರಿಗೆ ಒಪ್ಪಿಸಬೇಕಾಗುತ್ತದೆ, ಎಲ್ಲೂ ಬಿಡಬೇಡಿ ಎಂದು ಮ್ಯಾನೇಜರ್ ಮೇಸ್ತ್ರಿಗೆ ಹೇಳಿದರು. ನಾಗರಾಜನಿಗೆ ಹಿಂದಿ ಅಷ್ಟು ಬರುತ್ತಿರಲಿಲ್ಲ, ಪೊಲೀಸ್ ಅನ್ನುವ ಪದ ಎಲ್ಲ ಭಾಷೆಯಲ್ಲೂ ಒಂದೇ.

ಅವನು ನನ್ನ ಕಡೆ ನೋಡಿದ. "ಅಮ್ಮ ಹಲಗೆ ಮೇಲೆ ಬಂದಿದ್ದು ನೀನು ಕಣ್ಣಾರೆ ನೋಡ್ದೇನೋ?"

"ನೋಡ್ಲಿಲ್ಲ. ಕೇಳಿಸ್ಕೊಂಡೆ."

"ಖಂಡಿತ?"

"ಖಂಡಿತ."

ಅವನು ಅಂಗಿ ಬಿಚ್ಚಿ, ಮಡಿಸಿ ಬಿಲ್ಲೆಗಳ ಬೋರ್ಡಿನ ಕೆಳಗಿಟ್ಟು, ನೀರಿಗಿಳಿದ. ಯಾರೂ ಇಳಿ ಅಂದಿರಲಿಲ್ಲ. ಮೀನುಗಾರರು ಇಬ್ಬರು ಬಲೆ ತಂದರು. ಅವರು ದೋಣಿಯ ಹಿಂಬದಿ ಬಲೆ ಎಳೆದರು. ನಾಗರಾಜ ಹಲಗೆಯ ಕೆಳಗೆ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಕಾಲಿನಿಂದ ತಳ ತಡವುತ್ತಿದ್ದ. ಒಂದು ಹೆಜ್ಜೆ, ನಿಲ್ಲುವುದು, ಎಡಗಾಲಿನಿಂದ ಸುತ್ತ ತಡವುವುದು. ಮತ್ತೆ ಒಂದು ಹೆಜ್ಜೆ. ಅವನ ಕಾಲಿಗೆ ಮೆತ್ತಗೇನೋ ಸಿಕ್ಕಿತೆಂದು ಒಮ್ಮೆ ನಿಂತ. ಮುಳುಗಿ ಎತ್ತಿದ. ಹಳೆಯ ಚಾಪೆ. ಅದನ್ನು ದಡಕ್ಕೆ ಎಸೆದು ಮತ್ತೆ ತಡವತೊಡಗಿದ. ನಾನು ಮೇಲೆ ನಿಂತಿದ್ದೆ. ನನಗೆ ಈಜು ಬರುವುದಿಲ್ಲ.

ಯಾತ್ರಿಕರನ್ನೆಲ್ಲ ಮ್ಯಾನೇಜರ್ ಮೇಲಿನ ಅಂತಸ್ತಿನಲ್ಲಿ ಕೂಡಿಸಿದ್ದರು. ಇನ್ನೊಬ್ಬರು ಕಮ್ಮಿಯಾದಾರೆಂದು ಅವರನ್ನು ಮತ್ತೆ ಮತ್ತೆ ಎಣಿಸುತ್ತಿದ್ದರು. ಸಾವಿತ್ರಮ್ಮನವರು ನನ್ನನ್ನು ಕರೆಸಿದರು. ಕೆಂಪಾದ ಕಣ್ಣು, ಕೈಯಲ್ಲಿ ಅತ್ತಿಗೆಯ ಶಾಲು.

"ಅತ್ತಿಗೆ ಕೊನೇಗೆ ಏನಂದ್ರಪ್ಪಾ? ಸರಿಯಾಗಿ ಹೇಳು. ಒಂದಕ್ಷರ ಬಿಡ್ಬೇಡ."

ನಾನು ಬಿಡಲಿಲ್ಲ. "'ಸಾಬ್ರೇ, ಬತ್ತೀನಿ ಕಣಪ್ಪಾ' ಅಂದ್ರು ಅಮ್ಮಾ."

ಅವತ್ತು ಆ ಮಾತನ್ನು ನಾನು ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು.

ಸಾವಿತ್ರಮ್ಮನವರು ಅಳು ನಿಲ್ಲಿಸಿ ನನ್ನನ್ನು ನೋಡಿದರು. "ಬತ್ತೀನಿ ಅಂದ್ರಾ?"

"ಹೌದಮ್ಮಾ."

"ಹಂಗಾದ್ರೆ ಹೋಗಿದಾರೆ ಕಣಪ್ಪಾ."

ಪಕ್ಕದಲ್ಲಿ ಕೂತಿದ್ದ ಕಡೂರಿನ ಯಜಮಾನರೊಬ್ಬರು, "ಇನ್ನೇನು ಮತ್ತೆ, ಒಳಗೆ ಬರೋರು ಬತ್ತೀನಿ ಅಂತ ಕೂಗ್ಕೊಂಡು ಬತ್ತಾರಾ? ಸುಮ್ನೆ ಬತ್ತಾರೆ" ಅಂದರು.

ಹೊರಡುವವರು ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು. ಇದು ನನಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ನಮ್ಮ ಮನೆಯಲ್ಲಿ ದಖನಿಯಲ್ಲೂ ಇದೇ. ಶಾಲೆಗೆ ಹೊರಟಾಗ "ಜಾತೂಂ" ಅಂದರೆ ಅಮ್ಮಿ ಬಾಗಿಲಲ್ಲೇ ಹಿಡಿದು ನಿಲ್ಲಿಸಿ, "ಜಾಕೊ ಆತೂಂ ಬೋಲ್" ಅಂದು, ಹೋಗಿ ಬರುತ್ತೇನೆ ಅನ್ನಿಸಿಯೇ ಬಿಡುತ್ತಿದ್ದಳು. ಎರಡೂ ಭಾಷೆಯಲ್ಲಿ ಕಲಿತವನು ನಾನು. ನಾನು ಕೂಡ "ಬನ್ನಿ ಅಮ್ಮಾ" ಅಂದಿದ್ದೆ. ಅದು ಹೋಗಿಬನ್ನಿ ಎಂಬ ಅರ್ಥದ, ತಕ್ಕ ಉತ್ತರವೇ. ನಾಲಿಗೆ ಸರಿಯಾಗಿತ್ತು, ಕೆಟ್ಟದ್ದು ತಲೆ. ಎಂಟು ವರ್ಷ ಹಲಗೆಯ ಪಕ್ಕ ನಿಂತು, ಒಳಬರುವವರ "ಆತೇ ಹೈಂ, ಆತೇ ಹೈಂ" ಕೇಳಿ ಕೇಳಿ, ನನ್ನ ತಲೆ ಗೌರಮ್ಮನವರ ಮಾತನ್ನೂ ಆ ಮೊಳೆಗೇ ನೇತುಹಾಕಿತ್ತು. ಎಡಕ್ಕಿದ್ದ ಹದಿನೇಳನ್ನು ಒಂದು ಗಂಟೆಗೆ ಅಲ್ಲಿ ಹಾಕಿದ್ದವನೂ ನಾನೇ. ಬೇರೆ ಯಾರೇ ಅಲ್ಲಿದ್ದರೂ ಮಾತು ಅರ್ಥವಾಗದೆ ತಿರುಗಿ ನೋಡುತ್ತಿದ್ದರು, ತಪ್ಪು ಆಗುತ್ತಿರಲಿಲ್ಲ. ಆ ತಪ್ಪಿಗೆ ಕಡೂರಿನವನೇ ಬೇಕಿತ್ತು.

"ಎಲ್ಲಿಗೆ ಹೋಗಿರ್ಬೋದು ಅಮ್ಮಾ?"

ಸಾವಿತ್ರಮ್ಮನವರು ಕೋಣೆಗೆ ಹೋಗಿ ಒಂದೇ ನಿಮಿಷದಲ್ಲಿ ಹಿಂದಿರುಗಿದರು. "ಚೊಂಬು ಇಲ್ಲ," ಅಂದರು. "ಹಾಲಿಗೆ ಹೋಗಿದಾರೆ."

ನಾನು ಮ್ಯಾನೇಜರಿಗೆ ಹೇಳಲು ನೋಡಿದೆ. ಬರುತ್ತೇನೆ ಅಂದರೆ ಹೋಗುತ್ತೇನೆ ಎಂದು ಅರ್ಥ, ಸಾಹೇಬ್, ಅಂದೆ. ಅವರು ನನಗೆ ಆಘಾತದಿಂದ ತಲೆ ಕೆಟ್ಟಿದೆ ಎಂದುಕೊಂಡು ನೀರು ಕುಡಿ ಅಂದರು. ಕಪ್ತಾನರು ಮಾತ್ರ ನನ್ನ ಮುಖ ನೋಡಿ, ನಮ್ಮ ಬಂಗಾಳದಲ್ಲೂ ಹಾಗೇ ಅನ್ನುತ್ತಾರೆ, "ಆಶಿ" ಅನ್ನುತ್ತಾರೆ, ನಡಿ ಅಂದರು. ಅವರಿಗೂ ಅದು ಹೊಳೆದದ್ದು ಆಗ ಮಾತ್ರ. ನಾನು "ಆತೀ ಹ್ಞೂಂ" ಅಂದಾಗ ಹೊಳೆದಿರಲಿಲ್ಲ.

ಘಾಟಿನ ಹಿಂದಿನ ಓಣಿಗೆ ಓಡಿದೆ. ಸಾವಿತ್ರಮ್ಮನವರು ಹಿಂದೆ ಬರುತ್ತಿದ್ದರು, ಕಪ್ತಾನರು ಅವರ ಹಿಂದೆ. ಓಡುವ ಮೊದಲು ನಾಗರಾಜನಿಗೆ ಒಂದು ಮಾತು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಮತ್ತೊಮ್ಮೆ ತಪ್ಪು ಹೇಳಿಬಿಟ್ಟರೆ ಎಂಬ ಹೆದರಿಕೆ.

ಮೂರನೇ ಮನೆಯ ಮುಂದೆ ಗೌರಮ್ಮನವರು ಕರುವಿನ ಹಗ್ಗ ಹಿಡಿದು ನಿಂತಿದ್ದರು. ಮನೆಯ ಹೆಂಗಸು ಹಾಲು ಕರೆಯುತ್ತಿದ್ದಳು. ಚೊಂಬು ಕಟ್ಟೆಯ ಮೇಲಿತ್ತು. ನನ್ನನ್ನು ನೋಡಿ, "ಬಂದ್ಯಾ? ಈ ಹೆಣ್ಣಿಗೆ ಹೇಳು, ಕರೂಗೆ ಒಂದು ಮೊಲೆ ಪೂರಾ ಬಿಡ್ಬೇಕು ಅಂತ. ನನ್ನ ಮಾತು ಅರ್ಥ ಆಗ್ತಿಲ್ಲ ಇವಳಿಗೆ" ಅಂದರು.

"ಅಮ್ಮಾ, ನೀವು ಹೊಳೆಗೆ ಬಿದ್ದಿದೀರಿ ಅಂತ ಬಲೆ ಹಾಕಿ ಹುಡುಕ್ತಾ ಇದಾರೆ."

"ನಾನ್ಯಾಕೆ ಬೀಳ್ಲಿ? ನಿಂಗೆ ಹೇಳೇ ಬಂದ್ನಲ್ಲ."

"ಬತ್ತೀನಿ ಅಂದ್ರಿ."

"ಹ್ಞೂಂ. ನೀನೂ ಬನ್ನಿ ಅಂದೆ. ಬತ್ತಾ ಇದ್ನಲ್ಲ, ಹಾಲು ಕರಿಯೋ ಹೊತ್ತಾಗ್ಬೇಡ್ವಾ? ಹಸೂಗೆ ನಿಮ್ಮ ದೋಣಿ ಟೈಮು ಗೊತ್ತಾ?"

ಅಷ್ಟರಲ್ಲಿ ಸಾವಿತ್ರಮ್ಮನವರು ಬಂದು ತಲುಪಿದರು. ನಾನು ಅಪ್ಪಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಅತ್ತಿಗೆಯ ಕೈಯಿಂದ ಕರುವಿನ ಹಗ್ಗ ಕಿತ್ತುಕೊಂಡು ಗೂಟಕ್ಕೆ ಕಟ್ಟಿ, "ಸತ್ತೋಗಿದೀರಿ ಅಂತ ಒಂದು ಗಂಟೆ ಅತ್ತಿದೀನಿ. ನಡೀರಿ" ಅಂದರು. ದನಿ ಆಗಲೂ ಸಣ್ಣದೇ ಇತ್ತು. ಗೌರಮ್ಮನವರು ಚೊಂಬು ತುಂಬುವವರೆಗೆ ಅಲುಗಲಿಲ್ಲ.

ನಾವು ಘಾಟಿಗೆ ಬಂದಾಗ ಸೂರ್ಯ ಮುಳುಗಿರಲಿಲ್ಲ, ನೀರಿನ ಮೇಲೆ ಬೆಳಕಿತ್ತು. ಮೀನುಗಾರರು ಬಲೆ ಸುತ್ತುತ್ತಿದ್ದರು. ನಾಗರಾಜ ಇನ್ನೂ ಹಲಗೆಯ ಕೆಳಗೇ ಇದ್ದ. ತುಟಿ ನೀಲಿಯಾಗಿತ್ತು. ಒಂದು ಹೆಜ್ಜೆ ಇಟ್ಟು, ನಿಂತು, ಎಡಗಾಲಿನಿಂದ ತಡವುತ್ತಿದ್ದ. ಗೌರಮ್ಮನವರು ಮೆಟ್ಟಿಲ ತುದಿಯಲ್ಲಿ ಚೊಂಬು ಹಿಡಿದು ನಿಂತು ಅವನನ್ನು ನೋಡಿದರು.

"ಯಾಕಪ್ಪಾ, ಈ ಹೊತ್ನಲ್ಲಿ ಸ್ನಾನ? ನೆಗಡಿ ಆಗಲ್ವಾ?"

ನಾಗರಾಜ ತಲೆ ಎತ್ತಿದ. ಹಲ್ಲು ಕಟಕಟ ಅನ್ನುತ್ತಿದ್ದವು. ಮೇಲೆ ಬಂದು ಮೆಟ್ಟಿಲ ಮೇಲೆ ಕೂತ. ಸಾವಿತ್ರಮ್ಮನವರು ಅವನ ಕಿವಿಯ ಹತ್ತಿರ ಬಗ್ಗಿ ಎಲ್ಲ ಹೇಳಿದರು. ಗೌರಮ್ಮನವರು ಕೇಳುತ್ತಾ ನಿಂತಿದ್ದರು. ಅವರ ಮುಖದಲ್ಲಿ ಆಗ ಬಂದದ್ದನ್ನು ನಾನು ಅದಕ್ಕೆ ಮೊದಲೂ ಆಮೇಲೂ ನೋಡಲಿಲ್ಲ. ತಮ್ಮ ಸೆರಗಿನಿಂದಲೇ ಅವನ ತಲೆ ಒರೆಸಿದರು. ಆಮೇಲೆ ಅಡುಗೆಮನೆಗೆ ಹೋಗಿ ಅಡುಗೆಯವನನ್ನು ಹೊರಗೆ ಕಳಿಸಿ, ಕಾಫಿ ಮಾಡಿ ತಂದರು. ಚೊಂಬಿನ ಹಾಲು ಅಷ್ಟೂ ನಾಗರಾಜನಿಗೇ ಹೋಯಿತು. ಅವರಿಗೆ ಅವತ್ತೂ ಪುಡಿ ಹಾಲೇ.

ಮ್ಯಾನೇಜರ್ ನನ್ನ ಹೇಳಿಕೆಯನ್ನು ಹರಿಯಲು ಒಪ್ಪಲಿಲ್ಲ. ರಿಜಿಸ್ಟರಿನ ಹಾಳೆ ಹರಿಯುವ ಹಾಗಿಲ್ಲವಂತೆ. ಅದರ ಕೆಳಗೇ ನಾನು ಇನ್ನೊಂದು ಬರೆದೆ: ಮೇಲೆ ಹೇಳಿದ ಮಾತು ನಿಜ, ಅದರ ಅರ್ಥ ತಪ್ಪು, ಕಂಬಿ ಬಿಚ್ಚಿದ್ದು ನಾಗರಾಜ, ಬಿಚ್ಚಲು ಹೇಳಿದ್ದು ಮ್ಯಾನೇಜರ್ ಸಾಹೇಬರು, ನಾಳೆ ಬಿಚ್ಚಿದರೆ ಆಗದೇ ಎಂದು ಅವನು ಕೇಳಿದ್ದ, ಆ ಮಾತನ್ನು ಅವರಿಗೆ ಹಿಂದಿಯಲ್ಲಿ ಹೇಳಿದ್ದು ನಾನೇ. ಮ್ಯಾನೇಜರ್ ಓದಿ, ಇದು ಯಾರೂ ಕೇಳದ ವಿವರ ಅಂದರು. ಹೌದು ಸಾಹೇಬ್ ಅಂದೆ. ಮುಂದಿನ ಎರಡು ವರ್ಷ ನಾನು ಎಂಜಿನ್ ಕೋಣೆಯಲ್ಲಿ ಎಣ್ಣೆ ಒರೆಸಿದೆ. ಅಲ್ಲಿ ಕೆಲಸ ಕಲಿತದ್ದು ಬೇರೆ ಮಾತು.

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಕಡಿಮೆ. ಹಗ್ಗ ಕೈಯಲ್ಲಿದ್ದರೂ ತಿರುಗಿ ನೋಡಿ. ದೋಣಿ ಎರಡು ಅಡಿ ಜಾರಿದರೆ ಎಳೆಯಬಹುದು. ಸಾಕ್ಷಿ ಹೇಳುವಾಗ ಕೇಳದ ಪ್ರಶ್ನೆಗೂ ಉತ್ತರ ಕೊಡಿ. ಯಾವ ಭಾಷೆಯಲ್ಲಿ ಕೇಳಿಸಿತೋ ಅದೇ ಭಾಷೆಯಲ್ಲಿ ಮೊದಲು ಹೇಳಿ, ಆಮೇಲೆ ಬೇಕಾದರೆ ತರ್ಜುಮೆ ಮಾಡಿ.

ನಾಗರಾಜ ಆ ಪಯಣ ಮುಗಿಯುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಬನಾರಸ್ಸಿನಲ್ಲಿ ಇಳಿಯುವ ಮುಂಚೆ, ಹಲಗೆಯ ಮೇಲೆ, ಇಪ್ಪತ್ತಾರು ಯಾತ್ರಿಕರ ಎದುರಿಗೆ, ನಾನು ಅವನ ಕಡೆ ಬೆರಳು ತೋರಿಸಿದ್ದರ ಬಗ್ಗೆ ಒಂದೇ ಒಂದು ವಾಕ್ಯ ಹೇಳಿದ. ಅದನ್ನು ನಾನು ಇಲ್ಲಿ ಬರೆದಿಲ್ಲ. ಅದರಲ್ಲಿ ನನ್ನ ಬಗ್ಗೆ ಇದ್ದುದು ಒಂದೂ ಸುಳ್ಳಲ್ಲ.

ಇದನ್ನೆಲ್ಲ ನೋಡಿದವರಲ್ಲಿ ಕಪ್ತಾನರು ತೀರಿಕೊಂಡರು. ಮ್ಯಾನೇಜರ್ ಎಲ್ಲಿದ್ದಾರೋ ತಿಳಿಯದು. ಸಾವಿತ್ರಮ್ಮನವರು ಹೋದ ವರ್ಷ ತೀರಿಕೊಂಡರು. ಗೌರಮ್ಮನವರು ಅಜ್ಜಂಪುರದಲ್ಲಿದ್ದಾರೆ, ಕಿವಿ ಮಂದ, ದನಿ ಹಾಗೇ ಇದೆ. ಕೇಳಿದರೆ, ಏನೂ ಆಗ್ಲಿಲ್ಲ, ಹಾಲಿಗೆ ಹೋಗಿದ್ದೆ ಅನ್ನುತ್ತಾರೆ. ನಾಗರಾಜ ತರೀಕೆರೆಯಲ್ಲಿದ್ದಾನೆ. ಎಡಗಾಲು ಈಗ ಸ್ವಲ್ಪ ಎಳೆಯುತ್ತದೆ. ಆ ವಾಕ್ಯ ಬೇಕಾದವರು ಅವನನ್ನೇ ಕೇಳಬಹುದು. ಹೇಳುತ್ತಾನೆ, ಮಾತು ಬದಲಿಸುವುದಿಲ್ಲ.